ಪ್ರೇಮಾನಂದನ ಕಾವಲು ನಾಯಿ

ತ್ರಾಸಿಯ ಪ್ರೇಮಾನಂದನ ಕೈಗೆ ಬಂದ ಕೆಟ್ಟ ಯಂತ್ರ ಸರಿಯಾಗುತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ತಾನೇ ಮಾಡಿದ ಯಂತ್ರ ಕೆಟ್ಟರೆ ಮಾತ್ರ ತಪ್ಪು ಯಾವತ್ತೂ ಅವನದಲ್ಲ. ಕರೆಂಟಿನದು, ಉಪ್ಪುಗಾಳಿಯದು, ಇಲ್ಲವೇ ಮುಟ್ಟಿದವರ ಕೈಯದು. ಹೆಂಡತಿ ವಿನಯಾ ಮದುವೆಯಾದ ಹೊಸದರಲ್ಲೇ ಇದನ್ನು ಕಂಡುಕೊಂಡು, ಮಿಕ್ಸಿ ಕೆಟ್ಟರೆ ತಾನೇ ಮೊದಲು ತಪ್ಪೊಪ್ಪಿಕೊಂಡು ಪಾರಾಗುತ್ತಿದ್ದಳು.

2008ರಲ್ಲಿ ಅವನು ಕುಂದಾಪುರದ ವೆಂಕಟ ಶೆಟ್ಟರ ಗೇರುಬೀಜದ ಕಾರ್ಖಾನೆಯ ಬೋರ್ಮಾಕ್ಕೆ, ಅಂದರೆ ತಿರುಳು ಒಣಗಿಸುವ ಬಿಸಿಗಾಳಿಯ ಗೂಡಿಗೆ, ಒಂದು ಕಂಟ್ರೋಲರ್ ಮಾಡಿಕೊಟ್ಟ. ಮೊದಲು ಫ್ಯಾನು, ಆಮೇಲೆ ಹೀಟರು, ಎಲ್ಲ ತನ್ನಷ್ಟಕ್ಕೇ. ಒಳಗೆ ವಾಚ್‌ಡಾಗ್, ಅಂದರೆ ಕಾವಲು ನಾಯಿ, ಬೇರೆ. ಪ್ರೋಗ್ರಾಮು ಆಗಾಗ ತಾನು ಎಚ್ಚರವಿದ್ದೇನೆಂದು ಅದಕ್ಕೆ ಸುದ್ದಿ ಕೊಡುತ್ತಿರಬೇಕು. ಕೊಡದಿದ್ದರೆ ಅದು ಇಡೀ ಯಂತ್ರವನ್ನು ರೀಸೆಟ್ ಮಾಡಿ ಮೊದಲಿನಿಂದ ಚಾಲೂ ಮಾಡುತ್ತದೆ. "ಹ್ವಾಯ್, ನಮ್ ಬೋರ್ಮಾದೊಳಗೆ ನಾಯಿ ಇತ್ತ್ ಕಾಣಿ, ಅನ್ನ ಹಾಕುದೂ ಬ್ಯಾಡ!" ಎಂದು ಶೆಟ್ಟರು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಆಯುಧಪೂಜೆ ಮುಗಿದು ಕೆಲಸ ಶುರುವಾದ ದಿನ ಯಂತ್ರಕ್ಕೆ ಹುಚ್ಚು ಹಿಡಿಯಿತು. ಕೀಂ ಎಂದು ಚಾಲೂ ಆಗುತ್ತದೆ, ಫ್ಯಾನು ತಿರುಗುತ್ತದೆ, ಅಷ್ಟರಲ್ಲಿ ರೀಸೆಟ್. ಮತ್ತೆ ಕೀಂ. ಹೀಟರಿನ ಸರದಿ ಬರುವುದೇ ಇಲ್ಲ.

ಪ್ರೇಮಾನಂದ ಓಡಿಬಂದು ಲ್ಯಾಪ್‌ಟಾಪ್ ಸಿಕ್ಕಿಸಿದ. ವಾಚ್‌ಡಾಗಿನ ಗಡುವನ್ನು ಉದ್ದ ಮಾಡಿದ. ಆಗಲಿಲ್ಲ. ನಾಯಿಯನ್ನೇ ಕಟ್ಟಿಹಾಕಿದ. ಆಗಲೂ ಕೀಂ. ಕೊನೆಗೆ ಬುದ್ಧಿ ಬಂತು. ರೀಸೆಟ್ ಆದದ್ದು ಕರೆಂಟಿನಿಂದಲೋ, ವಾಚ್‌ಡಾಗಿನಿಂದಲೋ, ಪೆಟ್ಟಿಗೆಯ ಮೇಲಿನ ರೀಸೆಟ್ ಗುಂಡಿ ಒತ್ತಿದ್ದರಿಂದಲೋ ಎಂಬುದನ್ನು ಯಂತ್ರದೊಳಗಿನ ಚಿಪ್ ನೆನಪಿಟ್ಟುಕೊಂಡಿರುತ್ತದೆ. ಓದಿ ನೋಡಿದರೆ, ಗುಂಡಿ.

ಅವನು ಹಿಗ್ಗಿ ಹೀರೇಕಾಯಿಯಾದ. "ಶೆಟ್ರೇ, ನನ್ ಪ್ರೋಗ್ರಾಮಿನ್ ತಪ್ಪ್ ಎಂತದೂ ಇಲ್ಲೆ! ಯಾರೋ ಗುಂಡಿ ಒತ್ತಿರ್!"

ಬೋರ್ಮಾದ ಹತ್ತಿರ ಇರುವವಳು ಅಪ್ಪಿ ಒಬ್ಬಳೇ. ತಟ್ಟೆ ತಿರುಗಿಸುತ್ತಲೇ ತಲೆ ಹಣ್ಣಾದ ಹೆಂಗಸು. ಶೆಟ್ಟರು ಅವಳ ಕಡೆ ತಿರುಗಿದರು.

"ಮುಟ್ಬ್ಯಾಡ ಅಂತ ಹೇಳಿರ್ಲಿಲ್ಯಾ ಅಪ್ಪಿ? ನಾಳೆಯಿಂದ ನೀ ಬಪ್ಪುದ್ ಬ್ಯಾಡ."

"ದೇವ್ರಾಣೆ ಒಡೇರೆ, ನಾನ್ ಮುಟ್ಲೇ ಇಲ್ಲೆ," ಎಂದಳು ಅಪ್ಪಿ. ಅವಳ ಮನೆಯ ಅನ್ನ ಈ ಕೆಲಸದ್ದೇ.

ಸಾಕ್ಷಿ ತೋರಿಸಲೆಂದು ಪ್ರೇಮಾನಂದ ಗುಂಡಿಯ ಮೇಲಿನ ಮುಚ್ಚಳ ಎತ್ತಿದ. ಗುಂಡಿಯ ಮೇಲೆ ಒಂದು ಮುದ್ದೆ ಗಂಧ, ಅದಕ್ಕೆ ಅಂಟಿದ ಅಕ್ಷತೆ. ಒಣಗಿ ಕಲ್ಲಾಗಿತ್ತು. ಫ್ಯಾನು ತಿರುಗಿ ಪೆಟ್ಟಿಗೆ ನಡುಗಿದಾಗಲೆಲ್ಲ ಮುಚ್ಚಳ ಆ ಮುದ್ದೆಯನ್ನು ಒತ್ತುತ್ತಿತ್ತು, ಮುದ್ದೆ ಗುಂಡಿಯನ್ನು. ಪೂಜೆಯ ದಿನ, ಮುಚ್ಚಳಕ್ಕೆ ಹಚ್ಚಿದರೆ ಮುಚ್ಚಳಕ್ಕಷ್ಟೇ ಪೂಜೆಯಾದೀತೆಂದು, ಅದನ್ನು ಎತ್ತಿ ಹೆಬ್ಬೆರಳಲ್ಲಿ ಒತ್ತಿ ಗಂಧ ಹಚ್ಚಿದವನು ತಾನೇ.

ಬೇರೆ ಯಾರೂ ಇನ್ನೂ ನೋಡಿರಲಿಲ್ಲ. ಉಗುರಲ್ಲಿ ಕೆರೆದು ಕಿಸೆಗೆ ಹಾಕಿಕೊಂಡರೆ ಯಂತ್ರವೂ ಉಳಿಯಿತು, ಮಾನವೂ ಉಳಿಯಿತು. ಹೋಗುವವಳು ಅಪ್ಪಿ ಮಾತ್ರ. ಪ್ರೇಮಾನಂದ ಉಗುರು ಚಾಚಿದವನು ಕೈ ಹಿಂದಕ್ಕೆಳೆದುಕೊಂಡ.

"ಶೆಟ್ರೇ, ಇಲ್ ಬನ್ನಿ," ಎಂದ. "ಒತ್ತಿದ್ ನಾನೇ. ಕಾಣಿ, ನನ್ ಬೆರಳಿನ್ ಗುರ್ತ್."

ಶೆಟ್ಟರು ಬಗ್ಗಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪಿ ನಗಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ತಟ್ಟೆಗೆ ಕೈ ಹಾಕಿದಳು.

"ಬದಿಗ್ ನಿಲ್ಲಿ ಪ್ರೇಮಣ್ಣ. ಬೀಜ ಹಾಳಾತ್ತ್."