ಇನ್ನೊಂದು ಗುಂಡು

ನಮ್ಮ ಮಾವನ ಕೋವಿ ಮೂತಿಯಿಂದ ಮದ್ದು ತುಂಬುವಂಥದ್ದು. ತೆಂಗಿನ ತೋಟಕ್ಕೆ ನುಗ್ಗುವ ಹಂದಿಗೆಂದು ಲೈಸೆನ್ಸ್ ಇತ್ತು. ನಳಿಗೆಯೊಳಗೆ ತಿರುಪಿನಂಥ ಗೆರೆಗಳಿದ್ದವು. ಸೀಸ ಮೆತ್ತಗಿದ್ದರೆ ಮಾತ್ರ ಗುಂಡು ಆ ಗೆರೆ ಹಿಡಿದು ನೇರ ಹೋಗುತ್ತದೆ ಎನ್ನುತ್ತಿದ್ದರು. ಸೀಸ ಕರಗಿಸಿ ಕರಗಿಸಿ ನನ್ನ ಸೌಟುಗಳನ್ನೆಲ್ಲ ಹಾಳು ಮಾಡಿದ್ದರು, ಆ ಸಿಟ್ಟು ನನಗೆ ಇದ್ದೇ ಇತ್ತು. ಆದರೂ ಗುಂಡು ಆರಿಸುವ ಕೆಲಸ ನನ್ನದೇ, ಅವರಿಗೆ ಹತ್ತಿರದ್ದು ಕಾಣುತ್ತಿರಲಿಲ್ಲ. ಬೋರಲು ಹಾಕಿದ ತಟ್ಟೆಯ ಮೇಲೆ ಮೆಲ್ಲಗೆ ಉರುಳಿಸಿದರೆ, ಒಳಗೆ ಗಾಳಿ ಸಿಕ್ಕಿಕೊಂಡ ಗುಂಡು ಓಲಾಡುತ್ತಾ ಪಕ್ಕಕ್ಕೆ ಹೋಗುತ್ತದೆ. ಅದು ಪೊಳ್ಳು. ಮತ್ತೆ ಸೌಟಿಗೇ ಹಾಕಬೇಕು.

ಒಂದು ಬೇಸಿಗೆಯಲ್ಲಿ, ಚಿಕ್ಕನಾಯಕನಹಳ್ಳಿ ಗುಡ್ಡದ ಕಡೆ ಮೇಯಲು ಹೋಗಿದ್ದ ನಮ್ಮ ಎತ್ತು ಅದಿರು ತೆಗೆದು ಬಿಟ್ಟ ಗುಂಡಿಗೆ ಬಿತ್ತು. ಸೊಂಟ ಮುರಿದಿತ್ತು. ಮೇಲೆತ್ತುವ ದಾರಿಯಿರಲಿಲ್ಲ. ದನದ ಡಾಕ್ಟರು ನಾಳೆ ಬರುತ್ತೇನೆಂದು ಹೇಳಿ ಕಳಿಸಿದರು. ಕಾಗೆಗಳು ಆಗಲೇ ಅದರ ಕಣ್ಣಿನ ಹತ್ತಿರ ಇಳಿಯುತ್ತಿದ್ದವು.

ಗುಂಡಿಯ ಅಂಚಿನಲ್ಲಿ ನಿಂತವರೆಲ್ಲ ಧರ್ಮ ಹೇಳುವವರೇ. "ಬಸವನ ಮೇಲೆ ಕೋವಿ ಎತ್ತಬ್ಯಾಡ ಕಣಪ್ಪ, ಶಿವ ಕರ್ಕತ್ತಾನೆ ಬುಡು" ಎಂದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನಗೆ ಮೈಯೆಲ್ಲ ಉರಿದುಹೋಯಿತು.

ಮಾವ ಸೀದಾ ಮನೆಗೆ ಬಂದರು. ಮನೆಯಲ್ಲಿದ್ದ ಗುಂಡುಗಳನ್ನು ನಮ್ಮ ಯಜಮಾನರು ಹಳೇ ಬ್ಯಾಟರಿಯ ಸೀಸದಲ್ಲಿ ಎರಕ ಹೊಯ್ದಿದ್ದರು. ಮಾವ ಉಗುರು ಒತ್ತಿ ನೋಡಿದರು, ಗೀರು ಬೀಳಲಿಲ್ಲ.

"ಹಂದಿಗಾದ್ರೆ ನಡೀತಿತ್ತು. ಇವ್ನು ನನ್ ಕೈಲಿ ಹಿಂಡಿ ತಿಂದೋನು" ಎಂದರು.

ಮೀನಿನ ಬಲೆಗೆ ಕಟ್ಟುವ ಮೆತ್ತನೆಯ ಸೀಸ ತಂದು ಕರಟದ ಕೆಂಡದ ಮೇಲೆ ಕರಗಿಸಿದರು. ತಣ್ಣನೆಯ ಅಚ್ಚಿನಲ್ಲಿ ಗುಂಡು ಸುಕ್ಕಾಗುತ್ತದೆಂದು ಅಚ್ಚನ್ನೂ ಕಾಯಿಸಿಕೊಂಡರು. ಅವತ್ತು ಸೌಟಿನ ಬಗ್ಗೆ ನಾನು ಚಕಾರ ಎತ್ತಲಿಲ್ಲ.

ತಟ್ಟೆಯ ಮೇಲೆ ಎರಡು ಮಾತ್ರ ನೇರ ಉರುಳಿದವು. ಎರಡನ್ನೂ ಕೊಟ್ಟೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ನನ್ನ ಅಂಗೈಗೇ ವಾಪಸ್ಸು ಹಾಕಿದರು.

"ಎರಡನೇದು ಬೇಕಾಗೋ ಹಂಗಿದ್ರೆ ಹೊಡೀಲೇಬಾರ್ದು ಕಣವ್ವ."

ನಾನೂ ಜೊತೆಗೆ ಹೋದೆ. ಕೊಬ್ಬರಿ ಎಣ್ಣೆ ಸವರಿದ ಬಟ್ಟೆಚೂರಿನಲ್ಲಿ ಗುಂಡು ಸುತ್ತಿ, ನಳಿಗೆಯ ತಳದವರೆಗೆ ಕಡ್ಡಿಯಲ್ಲಿ ಇಳಿಸಿದರು. ಒಂದೇ ಸದ್ದು. ಎತ್ತು ಕತ್ತು ಚೆಲ್ಲಿತು, ಮತ್ತೆ ಅಲುಗಲಿಲ್ಲ. ಮಾವ ಅಲ್ಲೇ ಕುಕ್ಕರಗಾಲಲ್ಲಿ ಕೂತು ಎಲ್ಲರೆದುರು ಅತ್ತರು. ಆಮೇಲೆ ಬಹಳ ದಿನ ನೆಂಟರು ನಮ್ಮ ಮನೆಯಲ್ಲಿ ನೀರು ಮುಟ್ಟಲಿಲ್ಲ, ಮಾವ ಕೋವಿ ಮುಟ್ಟಲಿಲ್ಲ.

ಕೆಲವು ವರ್ಷಗಳಾದ ಮೇಲೆ ಮಾವ ತೋಟದ ಬದುವಿನಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮಲಗಿದ್ದಲ್ಲೇ ಬೆನ್ನು ಹುಣ್ಣಾಯಿತು. ಮಗ್ಗುಲು ಬದಲಿಸುವಾಗ ಕೂಗುತ್ತಿದ್ದರು. ಒಂದು ಮಧ್ಯಾಹ್ನ ಕೂಗಲಿಲ್ಲ, ನನ್ನ ಕೈ ಹಿಡಿದುಕೊಂಡು ಕೇಳಿದರು.

"ಆ ಇನ್ನೊಂದು ಗುಂಡು ಎಲ್ಲವ್ವ?"

ಅದು ನನ್ನ ಟ್ರಂಕಿನಲ್ಲಿ, ಸೀರೆಗಳ ಕೆಳಗಿತ್ತು.

"ಅದು ಪೊಳ್ಳಾಗಿತ್ತು ಮಾವ. ಎಸ್ದ್‌ಬುಟ್ಟೆ."

ಅವರು ನನ್ನ ಮುಖವನ್ನೇ ನೋಡಿದರು.

"ನೀನು ಪೊಳ್ಳು ಕೊಡೋಳಲ್ಲ ಕಣವ್ವ."

"ಡಾಕ್ಟ್ರು ನಾಳೆ ಬತ್ತಾರಂತೆ ಮಾವ" ಎಂದೆ.