ಸೇತುವೆ ದಾಟಿದ ಮೊದಲ ಎಮ್ಮೆ

ದಾಂಡೇಲಿಯಲ್ಲಿ ಕಾಳಿ ಹೊಳೆಯ ಸೇತುವೆಯನ್ನು ಮೊದಲು ದಾಟಿದ್ದು ತನ್ನ ಎಮ್ಮೆ ಎಂದು ಅವ್ವ ನನಗೆ ಬುದ್ಧಿ ಬಂದಾಗಿನಿಂದ ಹೇಳುತ್ತಿದ್ದಾಳೆ. ಹೋದ ವರ್ಷ ಕಾಲೇಜಿನ ಸ್ಮರಣ ಸಂಚಿಕೆಗೆ ಸೇತುವೆಯ ಇತಿಹಾಸ ಬರೆಯುವ ಕೆಲಸ ನನಗೆ ಬಂದಾಗ ಆ ಮಾತನ್ನು ಬಿಟ್ಟುಬಿಟ್ಟೆ. ಉದ್ಘಾಟನೆಯ ಫೋಟೊದಲ್ಲಿ ಹಾರ, ರಿಬ್ಬನ್, ಟೋಪಿ ಎಲ್ಲ ಇದ್ದವು. ಎಮ್ಮೆ ಇರಲಿಲ್ಲ.

ಕರಡನ್ನು ಓದಿ ಹೇಳಿದೆ. ಅವ್ವ ಕೇಳಿದಳು: "ನನ್ನ ಎಮ್ಮಿ ಎಲ್ಲೈತಿ?"

"ಅದಕ್ಕ ಪುರಾವೆ ಇಲ್ಲವ್ವಾ."

"ಹಾಲ ಕೊಳ್ಳೂ ಕ್ವಾರ್ಟರ್ಸಿನ ಬಾಯಾರೂ ಹಿಂಗ ಅಂತಿದ್ರು. ಬರೀ ಚರಗಿ ಬೋರಲ ಹಿಡದು ತೋರಿಸಿದ ಮ್ಯಾಲ ಹಾಲ ಹಿಂಡಬೇಕಿತ್ತು. ನೀನೂ ಅವರ ಪೈಕಿನ ಆದಿ ಬಿಡು."

ಅಂದಿನಿಂದ ಚಹಾ ಕೊಡುವಾಗಲೆಲ್ಲ, "ಹಾಲಿಗಿ ನೀರ ಹಾಕಿಲ್ಲ, ಆದ್ರ ಪುರಾವೆ ಇಲ್ಲಪಾ" ಎನ್ನತೊಡಗಿದಳು.

ನೀರು ಬೆರೆಸಿಲ್ಲವೆಂದು ಗಿರಾಕಿಗಳು ನಂಬಲಿ ಎಂದು ಅವ್ವ ಎಮ್ಮೆಯನ್ನೇ ಆಚೆ ದಡದ ಬಂಗೂರನಗರದ ಕ್ವಾರ್ಟರ್ಸ್ ಮನೆಗಳ ಮುಂದೆ ಕಟ್ಟಿ ಹಿಂಡಿಕೊಡುತ್ತಿದ್ದಳು. ನಮ್ಮ ಮನೆ ಹೊಳೆಯ ಈಚೆ ದಡದಲ್ಲಿ. ಬೇಸಿಗೆಯಲ್ಲಿ ಎಮ್ಮೆ ನೀರಿಗಿಳಿದೇ ದಾಟುತ್ತಿತ್ತು. ಹೊಳೆ ತುಂಬಿದರೆ ಅವ್ವನಿಗೆ ದೋಣಿ ಸಿಗುತ್ತಿತ್ತು, ಎಮ್ಮೆಗೆ ಸಿಗುತ್ತಿರಲಿಲ್ಲ. ಸೇತುವೆ ಕಟ್ಟಿದ ವರ್ಷ ಮೇಲೆ ಜೊಯಿಡಾದ ಕಡೆ ಮಳೆಯಾಗಿ ಹೊಳೆ ಏರಿದ ಬೆಳಿಗ್ಗೆ, ಉದ್ಘಾಟನೆಯಾಗದ ಸೇತುವೆಯ ಹಸಿ ಕಾಂಕ್ರೀಟಿನ ಮೇಲೆಯೇ ಎಮ್ಮೆ ಹೊಡೆದುಕೊಂಡು ಹೋದಳಂತೆ. ಕಾವಲುಗಾರ ಕೂಗುತ್ತ ಬೆನ್ನು ಹತ್ತಿದನಂತೆ.

ವಿಚಿತ್ರವೆಂದರೆ ಅದು ನನಗೂ ಕಣ್ಣಿಗೆ ಕಟ್ಟಿದಂತಿದೆ. ನಾನು ಬಾಲ ಹಿಡಿದು ಓಡುತ್ತಿದ್ದೇನೆ, ಅಂಗಾಲಿಗೆ ತಣ್ಣನೆಯ ಸಿಮೆಂಟು ಅಂಟುತ್ತಿದೆ. ನಾನು ನಂಬದಿದ್ದುದಕ್ಕೆ ಅದೂ ಒಂದು ಕಾರಣ. ಪದೇ ಪದೇ ಕೇಳಿದ ಕಥೆಯೊಳಗೆ ಮನಸ್ಸು ತನ್ನನ್ನೂ ಸೇರಿಸಿಕೊಳ್ಳುತ್ತದೆ ಎಂದು ವಿಶ್ವವಿದ್ಯಾಲಯದಲ್ಲಿ ಓದಿದವನು ನಾನು.

ಸಂಚಿಕೆ ಇನ್ನೂ ಅಚ್ಚಿಗೆ ಹೋಗಿರಲಿಲ್ಲ, ಸೇತುವೆಯ ದುರಸ್ತಿ ಶುರುವಾಯಿತು. ನಾನು ನೋಡುತ್ತ ನಿಂತಿದ್ದೆ. ಕಾಲುದಾರಿಯ ಮೇಲೆ ವರ್ಷಗಳಿಂದ ಕೂತ ಮಣ್ಣು ಕೆರೆಯುತ್ತಿದ್ದವನೊಬ್ಬ ಸಲಿಕೆ ನಿಲ್ಲಿಸಿ ನಕ್ಕ.

"ಸರ್, ಇಲ್ನೋಡ್ರಿ, ಯಾವುದೋ ಎಮ್ಮಿ ಸಹಿ ಮಾಡೇತಿ!"

ಗೊರಸಿನ ಗುರುತುಗಳು, ಸಾಲಾಗಿ ಹನ್ನೊಂದು. ಪಕ್ಕದಲ್ಲಿ ಬರಿಗಾಲಿನ ಹೆಜ್ಜೆ.

ಆಟೊ ಮಾಡಿ ಅವ್ವನನ್ನು ಕರೆತಂದೆ. ಅವಳು ಚಪ್ಪಲಿ ಬಿಟ್ಟು ಬಲಗಾಲನ್ನು ಹೆಜ್ಜೆಯೊಳಗೆ ಇಟ್ಟಳು. ಅವಳ ಕಿರುಬೆರಳು ಹೊರಕ್ಕೆ ತಿರುಗಿದೆ. ಕಾಂಕ್ರೀಟಿನಲ್ಲೂ ಹಾಗೆಯೇ ತಿರುಗಿತ್ತು. ಕೆಲಸಗಾರರು ಚಪ್ಪಾಳೆ ತಟ್ಟಿದರು. ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ, ತಾನೇ ಉದ್ಘಾಟನೆಗೆ ಬಂದವಳಂತೆ ನಿಂತಳು.

ನಾನು ಮಾತ್ರ ಬಗ್ಗಿ ನೋಡುತ್ತಲೇ ಇದ್ದೆ.

"ಇನ್ನೇನ ಹುಡಕ್ತಿ?"

"ನನ್ನ ಹೆಜ್ಜಿ. ನಾನೂ ಇದ್ದೆನಲ್ಲ, ಬಾಲ ಹಿಡಕೊಂಡು."

ಸೇತುವೆ ಅದುರುವಂತೆ ನಕ್ಕಳು. "ನೀ ಎಲ್ಲಿದ್ದಿಪಾ! ನೀ ಇನ್ನೂ ತೊಟ್ಟಿಲದಾಗಿದ್ದಿ."

ಅಂದೇ ಕರಡು ತಿದ್ದಿ ಅವಳಿಗೆ ಓದಿ ಹೇಳಿದೆ. ಮೊದಲ ಸಾಲಿನಲ್ಲಿ ಎಮ್ಮೆ, ಎರಡನೆಯದರಲ್ಲಿ ಅವ್ವ.

"ರಿಬ್ಬನ್ ಕತ್ತರಿಸಿದವರು?"

"ಮೂರನೇ ಸಾಲಿನ್ಯಾಗ."

"ಸಾಕು ಅವರಿಗಿ," ಎಂದಳು ಅವ್ವ.