ಮೈಕ್ ಪುಷ್ಪಳ ಗಂಟಲು

ಚಿನ್ನದ ಗಣಿಯೂರಿನ ಮೈಸೂರು ಮೈನ್ಸ್‌ನ ಸಾಲುಮನೆಯೊಂದರಲ್ಲಿ ಹುಟ್ಟಿದ ಪುಷ್ಪ ಇಪ್ಪತ್ತೆರಡು ವರ್ಷ ಆಟೋದಲ್ಲಿ ಕೂತು ಮೈಕಿನಲ್ಲಿ ಕೂಗಿದಳು. ಸೀರೆ ಅಂಗಡಿಯ ರಿಯಾಯಿತಿ, ನಲ್ಲಿ ನೀರು ಬಾರದ ದಿನ, ಕಳೆದುಹೋದ ಮಗು, ತೀರಿಕೊಂಡ ಹಿರಿಯರು, ಎಲ್ಲವೂ ಅವಳ ಗಂಟಲಿನಿಂದಲೇ ಊರಿಗೆ ತಿಳಿಯುತ್ತಿದ್ದವು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯವರಿಂದ ತೆಲುಗು. ಆಟೋ ಓಡಿಸುವ ಸೆಲ್ವರಾಜ್ ಚಾಂಪಿಯನ್ ರೀಫ್ಸ್ ಕಡೆ ತಿರುಗಿದರೆ ತಮಿಳು, ಬಂಗಾರಪೇಟೆಗೆ ಬಂದರೆ ಕನ್ನಡ, ಕಾಮಸಮುದ್ರ ದಾಟಿದರೆ ತೆಲುಗು. ಅವಳು ಯಾವತ್ತೂ ಹಾಳೆ ಹಿಡಿದು ಓದಿದವಳಲ್ಲ.

ಅವಳದೊಂದು ಹಟವಿತ್ತು. ಕೂಗುವ ಮುಂಚೆ ಹೇಳಿಸಿದವರ ಹತ್ತಿರ ದಿನ, ಜಾಗ, ಹೊತ್ತು ಎರಡು ಸಲ ಕೇಳುವಳು. ಕೂಗಿದ ಮೇಲೆ ಏನಾದರೂ ಬದಲಾದರೆ ಅದೇ ಬೀದಿಗಳಿಗೆ ಮತ್ತೆ ಹೋಗಿ ಹೇಳುವಳು. ಒಮ್ಮೆ ನಾಟಕವೊಂದು ನಿಂತುಹೋದಾಗ, ಎರಡನೇ ಸುತ್ತಿಗೆ ಕಾಸು ಕೊಡುವುದಿಲ್ಲ ಎಂದು ಕಂಪನಿಯವರು ಕೈಯೆತ್ತಿದರು. ಸೆಲ್ವರಾಜ್ ಗೊಣಗುತ್ತಲೇ ಆಟೋ ತಿರುಗಿಸಿದ. "ಜನ ಗಾಡಿ ಕಟ್ಕಂಡು ಬತ್ತಾರೆ ಕಣಣ್ಣ. ಬಂದು ನನ್ನನ್ನೇ ಬೈಯೋದು," ಎಂದಿದ್ದಳು ಪುಷ್ಪ. ಹಳ್ಳಿಗಳಲ್ಲಿ ಅವಳ ಮಾತಿಗೆ ಇನ್ನೊಬ್ಬರ ಸಾಕ್ಷಿ ಬೇಕಿರಲಿಲ್ಲ.

ಲಾಕ್‌ಡೌನ್ ಮುಗಿದ ವರ್ಷ ಬಂಗಾರಪೇಟೆಯ ರೆಕಾರ್ಡಿಂಗ್ ಸ್ಟುಡಿಯೋದ ಮುನಿರಾಜ್ ಅವಳನ್ನು ಕರೆಸಿದ. ಅಷ್ಟೊತ್ತಿಗೆ ಅಂಗಡಿಗಳ ಜಾಹೀರಾತು ಫೋನಿಗೆ ಜಾರತೊಡಗಿತ್ತು. ವಾರಕ್ಕೆ ಎರಡು ದಿನ ಕೆಲಸ ಸಿಕ್ಕರೆ ಹೆಚ್ಚು. ಧೂಳು ಕುಡಿದೂ ಕುಡಿದೂ ಅವಳ ಗಂಟಲೂ ಸೋತಿತ್ತು.

"ಅಕ್ಕ, ಮೂರು ದಿನ ಇಲ್ಲಿ ಕೂತು ಓದ್ಬಿಡಿ. ಊರ್ ಹೆಸರು, ವಾರ, ತಾರೀಖು, ಎಲ್ಲಾ. ಆಮೇಲೆ ನಿಮ್ಮ ವಾಯ್ಸ್ ಕೋಲಾರ, ಮುಳಬಾಗಿಲು ಎಲ್ಲಾ ಕಡೆ ಓಯ್ತದೆ. ನೀವ್ ಬಿಸಿಲಾಗೆ ತಿರುಗೋದು ತಪ್ತದೆ," ಎಂದ ಮುನಿರಾಜ್.

ಪುಷ್ಪಳಿಗೆ ಖುಷಿಯಾಯಿತು. ತಣ್ಣನೆಯ ಗಾಜಿನ ಕೋಣೆಯಲ್ಲಿ ಕೂತು ಮೂರೂ ಭಾಷೆಯಲ್ಲಿ ಓದಿದಳು. ಅವನು ತೋರಿಸಿದಲ್ಲಿ ಸಹಿ ಹಾಕಿದಳು. ಮಗಳು ಅರ್ಚನ ಕಾಗದದಲ್ಲಿ ಏನಿದೆ ಎಂದು ಕೇಳಿದ್ದಕ್ಕೆ, "ನನ್ ಗಂಟಲು ನನ್ ಹತ್ರಾನೇ ಇರ್ತದಲ್ಲ, ಅದನ್ಯಾರು ಎತ್ಕಂಡೋಗ್ತಾರೆ?" ಎಂದು ನಕ್ಕಳು.

ಮೊದಮೊದಲು ಆಟೋಗಳ ಪೆನ್‌ಡ್ರೈವಿನಲ್ಲಿ ಅವಳು ಓದಿದ್ದೇ ಬರುತ್ತಿತ್ತು. ಎರಡು ವರ್ಷ ಕಳೆಯುವುದರೊಳಗೆ ಕಂಪ್ಯೂಟರಿನಲ್ಲಿ ಏನು ಬೆರಳಚ್ಚು ಮಾಡಿದರೂ ಅವಳ ಧ್ವನಿಯೇ ಅದನ್ನು ಹೇಳುವಂತಾಯಿತು. ಯಾವ ಆಟೋದವನೂ ಅವಳನ್ನು ಕರೆಯಲಿಲ್ಲ. ಸೆಲ್ವರಾಜ್ ಒಬ್ಬನೇ ಸ್ಪೀಕರ್ ಕಟ್ಟಿಕೊಂಡು ಹೋಗಿ ಬರುತ್ತಿದ್ದ. ಎದುರು ಸಿಕ್ಕಾಗ ಮುಖ ತಪ್ಪಿಸುತ್ತಿದ್ದ. ಪುಷ್ಪ ಬಂಗಾರಪೇಟೆಯ ಗಾರ್ಮೆಂಟ್ಸ್‌ಗೆ ಸೇರಿದಳು.

ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಐದಾರು ಹೆಂಗಸರು. ಮುಂದೆ ಕಾಮಸಮುದ್ರದ ಕಡೆಯ ಕೂಲಿಯ ಮುದುಕಿ ಆದಿಲಕ್ಷ್ಮಮ್ಮ, ಮೊಮ್ಮಗಳ ತೋಳು ಹಿಡಿದು ನಿಂತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಇವತ್ತು ಇಲ್ಲಿ ಕಣ್ಣಿನ ಕ್ಯಾಂಪು ಅಂತ ಕೂಗಿದ್ಯಲ್ಲವ್ವಾ. ಶಾಲೆ ಬಾಗ್ಲು ಬೀಗ ಆಕೈತೆ. ನಾಯಿ ನರಪಿಳ್ಳೆ ಇಲ್ಲ," ಎಂದಳು ಆದಿಲಕ್ಷ್ಮಮ್ಮ.

"ನಾನು ಕೂಗಿಲ್ಲಜ್ಜಿ."

"ನಿನ್ ಗಂಟ್ಲು ನನ್ಗೆ ಗೊತ್ತಿಲ್ವಾ? ಕಣ್ ಓಗಿರ್ಬೋದು, ಕಿವಿ ಐತೆ. ಬೇರೆಯೋರು ಕೂಗಿದ್ರೆ ಕೂಲಿ ಬಿಟ್ಟು ಬತ್ತಿರ್ಲಿಲ್ಲ."

ಪುಷ್ಪ ಅವರನ್ನೆಲ್ಲ ಕೂರಿಸಿ ಟೀ ಕೊಟ್ಟು, ಈಗ ಕೂಗುವುದು ತಾನಲ್ಲ, ತನ್ನ ಧ್ವನಿ ತುಂಬಿದ ಡಬ್ಬ ಎಂದು ತಿಳಿಸಿದಳು. ಅಲ್ಲಿಂದ ನೇರ ಸ್ಟುಡಿಯೋಗೆ ಹೋದಳು. ಕ್ಯಾಂಪು ಮುಂದಿನ ಭಾನುವಾರಕ್ಕೆ ಹೋಗಿದೆ, ಕ್ಯಾಂಪು ನಡೆಸುವ ಸಂಘದವರು ವಾಟ್ಸಾಪಿನಲ್ಲಿ ತಿಳಿಸಿದ್ದಾರೆ ಎಂದ ಮುನಿರಾಜ್.

"ವಾಟ್ಸಾಪ್ ಇಲ್ಲದೋರು?"

ಅವನು ಕಂಪ್ಯೂಟರಿನ ಕಡೆ ತಿರುಗಿದ.

"ನನ್ ಗಂಟಲು ಅಳಿಸಾಕ್ಬಿಡಪ್ಪ."

"ನನ್ನತ್ರ ಅಳಿಸ್ಬೋದಕ್ಕ. ಆದ್ರೆ ನಾಲ್ಕೈದು ಕಡೆ ಕೊಟ್ಟಾಗೈತೆ. ಸಹಿ ಆಕಿದ್ದು ನೀವೇ ಅಲ್ವಾ?" ಎಂದ. ಅವನ ಮಾತಿನಲ್ಲಿ ದರ್ಪವಿರಲಿಲ್ಲ. ಪುಷ್ಪ ಎದ್ದು ಬಂದಳು.

ಶನಿವಾರ ಗಾರ್ಮೆಂಟ್ಸ್‌ಗೆ ರಜೆ ಹಾಕಿ ಸೆಲ್ವರಾಜ್‌ನ ಮನೆಗೆ ಹೋದಳು. ಅವನು ಒಂದು ಮಾತೂ ಕೇಳದೆ ಸ್ಪೀಕರ್ ಕಟ್ಟಿದ. ಇಬ್ಬರೂ ಹಳೆಯ ದಾರಿ ಹಿಡಿದರು. ಪುಷ್ಪ ಕನ್ನಡದಲ್ಲಿ, ತೆಲುಗಿನಲ್ಲಿ ಕೂಗುತ್ತಾ ಹೋದಳು: ಕ್ಯಾಂಪು ನಾಳೆ, ನಾನೇ ಹೋಗಿ ಕೇಳಿಕೊಂಡು ಬಂದಿದ್ದೇನೆ, ತಪ್ಪದೆ ಬನ್ನಿ. ಮೊದಲಾದರೆ ಆಟೋದ ಸದ್ದಿಗೇ ಹೆಂಗಸರು ಬಾಗಿಲಿಗೆ ಬರುತ್ತಿದ್ದರು. ಈಗ ಯಾರೂ ತಲೆಯೆತ್ತಲಿಲ್ಲ. ಹಾಲಿನ ಡೇರಿಯ ಹತ್ತಿರ ನಿಂತಿದ್ದವನೊಬ್ಬ, "ರೆಕಾರ್ಡು ಬಂತು ಬಿಡ್ಲಾ," ಎಂದದ್ದು ಅವಳ ಕಿವಿಗೆ ಬಿತ್ತು. ಅವಳು ಮೈಕ್ ಆರಿಸಿ ಇಳಿದಳು. ಬಾಕಿ ಮೂರು ಹಳ್ಳಿಗಳಲ್ಲಿ ಬರಿ ಬಾಯಲ್ಲಿ ಮನೆಮನೆಗೆ ಹೇಳಿದಳು. ಆದಿಲಕ್ಷ್ಮಮ್ಮನ ಊರು ಮೊದಲೇ ದಾಟಿಹೋಗಿತ್ತು. ಅಲ್ಲಿ ಕೂಗಿಯಾಗಿದೆಯಲ್ಲ ಎಂದುಕೊಂಡಳು, ಹೊತ್ತೂ ಮುಳುಗುತ್ತಿತ್ತು.

ಮರುದಿನ ಕ್ಯಾಂಪಿಗೆ ಜನ ಬಂದರು. ಆದಿಲಕ್ಷ್ಮಮ್ಮ ಬರಲಿಲ್ಲ.

ಎರಡು ವಾರದ ಮೇಲೆ ಪುಷ್ಪ ಅವಳನ್ನು ಹುಡುಕಿಕೊಂಡು ಹೋದಳು. ಮುದುಕಿ ಜಗಲಿಯ ಮೇಲೆ ಬೆರಳಲ್ಲೇ ತಡವಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಯಾಕಜ್ಜಿ ಬರ್ಲಿಲ್ಲ? ನಾನೇ ಬಂದು ಕೂಗಿದ್ನಲ್ಲ."

"ನೀನೇ ಅಂತ ಯಂಗ್ ತಿಳೀಬೇಕವ್ವಾ? ಅದೇ ಡಬ್ಬ ಬಂತು ಅಂದ್ಕಂಡು ಒಳಗೇ ಕುಂತಿದ್ದೆ."

ಮುಂದಿನ ವಾರ ಪುಷ್ಪಳೇ ಮುದುಕಿಯನ್ನು ಬಸ್ಸಿನಲ್ಲಿ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮೂರು ಸಲ ಓಡಾಡಿದ ಮೇಲೆ ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಆದಿಲಕ್ಷ್ಮಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ಸಣ್ಕಿದ್ದೀಯಾ? ಗಂಟ್ಲು ಕೇಳಿ ಭಾರೀ ಆಳು ಅಂದ್ಕಂಡಿದ್ದೆ," ಎಂದಳು. ಇಬ್ಬರೂ ನಕ್ಕರು.

ಆಮೇಲೆ ಪುಷ್ಪ ಮೈಕ್ ಹಿಡಿಯಲಿಲ್ಲ. ಸೀರೆ ಅಂಗಡಿಯವರೂ ಆಟೋ ಬಿಟ್ಟು ರೀಲ್ಸ್ ಮಾಡಿಸತೊಡಗಿದರು. ಯಾವುದೋ ಹುಡುಗಿಯ ತುಟಿ, ಪುಷ್ಪಳ ಧ್ವನಿ. ಗಾರ್ಮೆಂಟ್ಸ್‌ನಲ್ಲಿ ಊಟದ ಹೊತ್ತಿಗೆ ಪಕ್ಕದವರ ಫೋನಿನಲ್ಲಿ ಅದು ಬಂದರೆ ಅವಳು ಡಬ್ಬಿ ಎತ್ತಿಕೊಂಡು ಆಚೆ ಹೋಗಿ ಕೂರುತ್ತಾಳೆ. ಕೆಲಸ ಹೋದದ್ದಕ್ಕೆ ಅವಳಿಗೆ ಅಷ್ಟು ದುಃಖವಿಲ್ಲ. ಆ ಶನಿವಾರ ಮುದುಕಿಯ ಊರಿನಲ್ಲೂ ಆಟೋದಿಂದ ಇಳಿಯಬೇಕಿತ್ತು ಎಂದು ಮಾತ್ರ ಅರ್ಚನಳ ಹತ್ತಿರ ಇವತ್ತಿಗೂ ಹೇಳುತ್ತಿರುತ್ತಾಳೆ.